ಒಂಬತ್ತು ವರ್ಷದ ಜಾಕೆಟ್, ಹತ್ತು ದಿನದ ಚೀವರ



ಈ ತಿಂಗಳು ನಮ್ಮ ಅಧ್ಯಯನದ ವಿಷಯ ದಾನ. ಇಂದು ಬರೆಯುವ ಸರದಿ ನನ್ನದು. ಪುಸ್ತಕದಿಂದ ತೆಗೆದು ಬರೆಯಬೇಡಿ, ನಿಮ್ಮ ಮನೆಯಿಂದ ತೆಗೆದು ಬರೆಯಿರಿ ಎಂದು ಗುಂಪಿನ ಹಿರಿಯರು ಹೇಳಿದ್ದರು. ನಾನು ನಿಜಕ್ಕೂ ಮನೆಯಿಂದಲೇ, ಅದರಲ್ಲೂ ಗ್ಯಾರೇಜಿನಿಂದ ತೆಗೆದಿದ್ದೇನೆ. ಬರಹ ಸ್ವಲ್ಪ ಉದ್ದವಾಗಿದೆ. ಬೆಳಿಗ್ಗೆ ಪುರುಸೊತ್ತಿಲ್ಲದವರು ರಾತ್ರಿ ಓದಿ.

ಹೊಸಬರಿಗಾಗಿ ಒಂದು ಮಾತು. ನಾನಿರುವುದು ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್‌ನಲ್ಲಿ. ತುಮಕೂರಿನಿಂದ ಬಂದು ಇಪ್ಪತ್ತಾರು ವರ್ಷವಾಯಿತು. ಹೋದ ತಿಂಗಳ ಕೊನೆಯ ಶನಿವಾರ ಗ್ಯಾರೇಜು ಖಾಲಿ ಮಾಡಲು ಕೂತೆ. ಕಾರು ನಿಲ್ಲಬೇಕಾದ ಜಾಗದಲ್ಲಿ ಕಾರು ನಿಂತು ಎಷ್ಟೋ ವರ್ಷವಾಗಿದೆ, ಅಲ್ಲಿರುವುದು ಪ್ಲಾಸ್ಟಿಕ್ ಪೆಟ್ಟಿಗೆಗಳು. ಒಂದರಲ್ಲಿ ಹದಿನಾಲ್ಕು ಮಕ್ಕಳ ಊಟದ ಡಬ್ಬಿ. ಇನ್ನೊಂದರಲ್ಲಿ ಕ್ರಿಸ್‌ಮಸ್ ಕಾಗದ, ರಿಬ್ಬನ್ (ನಾವು ಕ್ರಿಸ್‌ಮಸ್ ಆಚರಿಸುವುದಿಲ್ಲ). ವಾಸನೆ ಹೋದ ಮೇಣದ ಬತ್ತಿಗಳು, ಗಟ್ಟಿಯಾದ ಶಾಂಪೂ. ಎಲ್ಲದರ ಕೆಳಗೆ, ಹಾಳೆಯಲ್ಲಿ ಸುತ್ತಿಟ್ಟ ಒಂದು ನೇರಳೆ ಬಣ್ಣದ ಮಗುವಿನ ಚಳಿ ಜಾಕೆಟ್. ಅಳತೆ 4ಟಿ, ಅಂದರೆ ನಾಲ್ಕು ವರ್ಷದ ಮಗುವಿನದು. ಬೆಲೆಚೀಟಿಯ ಮೇಲೆ ಚೀಟಿ, ಅದರ ಮೇಲೆ ಚೀಟಿ. ಉಗುರಿನಿಂದ ಒಂದೊಂದಾಗಿ ಎಬ್ಬಿಸಿದೆ. ಮೇಲಿನದು 4.48 ಡಾಲರ್. ಅದರ ಕೆಳಗೆ 13.48. ಅದರ ಕೆಳಗೆ 22.48. ತಳದಲ್ಲಿ ಅಚ್ಚಾದ ಮೂಲ ಬೆಲೆ 44.99.

ನನ್ನ ಒಬ್ಬಳೇ ಮಗಳಿಗೆ ಈಗ ಇಪ್ಪತ್ತನಾಲ್ಕು. ಆ ಜಾಕೆಟ್ ತಂದಾಗ ಅವಳಿಗೆ ಹದಿನೈದು.

ಈ ಹುಡುಕಾಟ ಶುರುವಾದದ್ದು ಆಸೆಯಿಂದಲ್ಲ, ಅದನ್ನು ಮೊದಲೇ ಹೇಳಬೇಕು. 2009ರಲ್ಲಿ ನಮ್ಮವರ ಕೆಲಸ ಹೋಯಿತು. ಗ್ರೀನ್ ಕಾರ್ಡ್ ಬಂದಿದ್ದರಿಂದ ದೇಶ ಬಿಡಬೇಕಾಗಲಿಲ್ಲ ಅಷ್ಟೇ. ಏಳು ತಿಂಗಳು ಮನೆ ನಡೆಸಿದ್ದು ಕ್ಲಿಯರೆನ್ಸ್ ಸಾಮಾನಿನಲ್ಲಿ. ಪಕ್ಕದ ಮನೆಯ ಅಜ್ಜಿಯೊಬ್ಬರು ನನಗೆ ಈ ವಿದ್ಯೆ ಕಲಿಸಿದರು. ಅಂಗಡಿಯ ಮುಂಬಾಗಿಲ ರಾಶಿಯನ್ನು ನೋಡಬೇಡ, ಹಿಂಗೋಡೆಯ ಮೂಲೆಯ ಕಪಾಟು ನೋಡು. ಹಬ್ಬದ ಸಾಮಾನು ಹಬ್ಬದ ಮರುದಿನ ಅರ್ಧ ಬೆಲೆ. ತಾಳ್ಮೆಯಿದ್ದರೆ ಕೆಲವು ದಿನಕ್ಕೆ ನೂರಕ್ಕೆ ಎಪ್ಪತ್ತು ಕಡಿತ, ಇನ್ನೂ ಉಳಿದರೆ ತೊಂಬತ್ತು. ಕಪಾಟಿನ ಮೇಲಿನ ಚೀಟಿಯನ್ನು ನಂಬಬೇಡ. ಕಂಪ್ಯೂಟರಿನಲ್ಲಿ ಬೆಲೆ ಮೊದಲೇ ಇಳಿದಿರುತ್ತದೆ, ಚೀಟಿ ಅಂಟಿಸಲು ಹುಡುಗರಿಗೆ ಸಮಯ ಸಿಕ್ಕಿರುವುದಿಲ್ಲ, ಆದ್ದರಿಂದ ಸ್ಕ್ಯಾನ್ ಮಾಡಿ ನೋಡು. ನಮ್ಮೂರಲ್ಲಿ ಅಮ್ಮ ಆಷಾಢದ ಸೇಲ್‌ಗೆ ಕಾದು ವರ್ಷದ ಸೀರೆ ಕೊಳ್ಳುತ್ತಿದ್ದರು. ಮದುವೆಯಿಲ್ಲದ ತಿಂಗಳಲ್ಲಿ ಅಂಗಡಿಯವರಿಗೆ ವ್ಯಾಪಾರ ಬೇಕು, ನಮಗೆ ಸೀರೆ ಬೇಕು. ಇದೂ ಅದೇ ಲೆಕ್ಕ ಅಂದುಕೊಂಡೆ. ಆ ಏಳು ತಿಂಗಳು ತಂದ ಒಂದು ಸಾಮಾನೂ ಇಂದು ಗ್ಯಾರೇಜಿನಲ್ಲಿಲ್ಲ. ಎಲ್ಲವನ್ನೂ ತಿಂದೆವು, ತೊಟ್ಟೆವು, ಮುಗಿಸಿದೆವು. ಅಗ್ಗದ ಸಾಮಾನು ಕೊಳ್ಳುವುದೇ ತಪ್ಪು ಎಂದು ಯಾರಾದರೂ ಧಮ್ಮದ ಹೆಸರಿನಲ್ಲಿ ಹೇಳಿದರೆ ನಾನು ಒಪ್ಪುವುದಿಲ್ಲ.

ನಮ್ಮವರಿಗೆ ಕೆಲಸ ಸಿಕ್ಕಿತು. ಹುಡುಕಾಟ ಮಾತ್ರ ನಿಲ್ಲಲಿಲ್ಲ.

ದೀಘ ನಿಕಾಯದ ಹದಿನೈದನೆಯ ಸುತ್ತ ಮಹಾನಿದಾನ. ಕುರು ದೇಶದ ಕಮ್ಮಾಸಧಮ್ಮದಲ್ಲಿ ಭಗವಾನರು ಆನಂದರಿಗೆ ಹೇಳಿದ್ದು. ಪಟಿಚ್ಚ ಸಮುಪ್ಪಾದ ಓದುವಾಗ ನಾವು ತಣ್ಹೆಯಿಂದ ನೇರ ಉಪಾದಾನಕ್ಕೆ ಹೋಗುತ್ತೇವಲ್ಲ, ಈ ಸುತ್ತದಲ್ಲಿ ತಣ್ಹೆಯಿಂದ ಇನ್ನೊಂದು ದಾರಿಯೂ ಕವಲೊಡೆಯುತ್ತದೆ. ತಣ್ಹೆಯಿಂದ ಪರಿಯೇಸನಾ, ಅಂದರೆ ಹುಡುಕಾಟ. ಹುಡುಕಾಟದಿಂದ ಲಾಭ. ಲಾಭದಿಂದ ವಿನಿಚ್ಛಯ, ಇದು ನನಗೆ, ಇದು ಅವರಿಗೆ, ಇದು ಈಗ, ಇದು ಆಮೇಲೆ ಎಂಬ ಲೆಕ್ಕಾಚಾರ. ಅಲ್ಲಿಂದ ಛಂದರಾಗ, ಅಂಟು, ನನ್ನದೆಂಬ ಹಿಡಿತ, ಮಚ್ಛರಿಯ ಎಂಬ ಜಿಪುಣತನ, ಕೊನೆಗೆ ಆರಕ್ಖ, ಕಾವಲು. ಕಾವಲಿನಿಂದ ದೊಣ್ಣೆ, ಜಗಳ, ಸುಳ್ಳು. ಇದನ್ನು ಮೊದಲ ಸಲ ಓದಿದಾಗ ರಾಜರು, ಜಮೀನು, ಯುದ್ಧ ಎಂದು ಅರ್ಥಮಾಡಿಕೊಂಡಿದ್ದೆ. ಪೆಟ್ಟಿಗೆಗಳ ನಡುವೆ ಕೂತಾಗ ಅದು ನನ್ನ ಮಂಗಳವಾರಗಳ ವೇಳಾಪಟ್ಟಿಯಂತೆ ಕಂಡಿತು.

ಇದರಲ್ಲಿ ಹುಡುಕಾಟಕ್ಕೇ ಒಂದು ಹೆಸರಿದೆ, ಅದನ್ನು ಗಮನಿಸಿ. ನನಗೆ ವಸ್ತು ಬೇಕಿರಲಿಲ್ಲ. ಮೇಲಿನ ಚೀಟಿಗೂ ತಳದ ಚೀಟಿಗೂ ನಡುವಿನ ಅಂತರ ಬೇಕಿತ್ತು. ಇಲ್ಲಿ ರಸೀದಿಯ ಕೊನೆಯಲ್ಲಿ ಇಂದು ನೀವು ಇಷ್ಟು ಉಳಿಸಿದಿರಿ ಎಂದು ಅಚ್ಚಾಗಿರುತ್ತದೆ. ಅದಕ್ಕೆ ಪೆನ್ನಿನಿಂದ ಸುತ್ತು ಹಾಕಿ ಒಂದು ಡಬ್ಬಿಯಲ್ಲಿ ಇಡುತ್ತಿದ್ದೆ. ಆ ಡಬ್ಬಿಯೂ ಸಿಕ್ಕಿತು. ಉಳಿಸಿದ್ದಕ್ಕೆಲ್ಲ ಸುತ್ತಿದೆ, ಕೊಟ್ಟ ಹಣಕ್ಕೆ ಎಲ್ಲೂ ಇಲ್ಲ.

ಇದು ನನ್ನೊಬ್ಬಳ ಹುಚ್ಚಲ್ಲ. 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್ 1985ರಷ್ಟು ಹಿಂದೆಯೇ ಬರೆದಿದ್ದಾರೆ: ಕೊಳ್ಳುವಾಗ ನಮಗೆ ಸಿಗುವುದು ಎರಡು ಬಗೆಯ ಸುಖ, ವಸ್ತುವಿನದೊಂದು, ವ್ಯಾಪಾರ ಗೆದ್ದದ್ದರದು ಇನ್ನೊಂದು. ಜೆ.ಸಿ. ಪೆನ್ನಿ ಎಂಬ ಇಲ್ಲಿನ ಹಳೆಯ ಅಂಗಡಿ ಸಮೂಹ 2012ರಲ್ಲಿ ಸೇಲ್, ಕೂಪನ್ ಎಲ್ಲ ನಿಲ್ಲಿಸಿ, ವರ್ಷವಿಡೀ ಒಂದೇ ಕಡಿಮೆ ಬೆಲೆ ಎಂದು ಘೋಷಿಸಿತು. ಆ ವರ್ಷ ಮಾರಾಟ ಹೆಚ್ಚುಕಡಿಮೆ ಕಾಲು ಭಾಗ ಕುಸಿಯಿತು. 2013ರ ಏಪ್ರಿಲ್‌ನಲ್ಲಿ ಅದರ ಮುಖ್ಯಸ್ಥ ರಾನ್ ಜಾನ್ಸನ್ ಹೊರಹೋಗಬೇಕಾಯಿತು. ಬೆಲೆ ಕಡಿಮೆಯಾಗಿದ್ದರೆ ಸಾಲದು, ಹೊಡೆದುಹಾಕಿದ ದೊಡ್ಡ ಬೆಲೆಯೊಂದು ಪಕ್ಕದಲ್ಲಿ ಕಾಣಬೇಕು. ಆ ಅಂಗಡಿಯಲ್ಲಿ ಆ ವರ್ಷ ಕಾಲಿಡದವರಲ್ಲಿ ನಾನೂ ಒಬ್ಬಳು.

ಇನ್ನೊಂದಿದೆ, ಪೆನ್ನಿ ಶಾಪಿಂಗ್. ಮೇಲಿನ ಅಂಗಡಿಗೂ ಇದಕ್ಕೂ ಸಂಬಂಧವಿಲ್ಲ, ಪೆನ್ನಿ ಅಂದರೆ ಇಲ್ಲಿ ಒಂದು ಸೆಂಟ್. ಡಾಲರ್ ಜನರಲ್‌ನಂಥ ಅಂಗಡಿಗಳಲ್ಲಿ ಒಂದು ಸಾಮಾನನ್ನು ಇನ್ನು ಮಾರುವುದಿಲ್ಲ ಎಂದಾದಾಗ ಕಂಪ್ಯೂಟರಿನಲ್ಲಿ ಅದರ ಬೆಲೆ ಒಂದು ಸೆಂಟ್‌ಗೆ ಇಳಿಯುತ್ತದೆ. ಅದು ಗಿರಾಕಿಗಳಿಗೆ ಕೊಟ್ಟ ರಿಯಾಯಿತಿಯಲ್ಲ, ಕಪಾಟಿನಿಂದ ತೆಗೆಯಿರಿ ಎಂದು ಕೆಲಸದವರಿಗೆ ಕೊಟ್ಟ ಸೂಚನೆ. ಅವರು ತೆಗೆಯುವ ಮೊದಲೇ ಹುಡುಕಿ ಕೌಂಟರಿಗೆ ಒಯ್ಯುವುದು ಆಟ. ಸಾಮಾನ್ಯವಾಗಿ ಮಂಗಳವಾರ ಬೆಳಿಗ್ಗೆ, ಹಿಂದಿನ ದಿನ ಫೋನಿಗೆ ಬಂದ ಪಟ್ಟಿ ಹಿಡಿದು. ಕೆಲವು ಅಂಗಡಿಯವರು ಕೊಡುತ್ತಾರೆ, ಕೆಲವರು ಕೈಯಿಂದ ವಾಪಸು ತೆಗೆದುಕೊಳ್ಳುತ್ತಾರೆ. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ಹಾಗೆ ನಾನೂ ಎರಡು ವರ್ಷ ಆಡಿದೆ. ಹದಿನಾಲ್ಕು ಊಟದ ಡಬ್ಬಿಗಳಿಗೆ ಒಟ್ಟು ಕೊಟ್ಟದ್ದು ಹದಿನಾಲ್ಕು ಸೆಂಟ್. ಎರಡನೆಯ ಶೀಲ ಅದಿನ್ನಾದಾನದಿಂದ ದೂರವಿರುವುದು, ಕೊಡದೇ ಇದ್ದುದನ್ನು ತೆಗೆದುಕೊಳ್ಳದಿರುವುದು. ಹಣ ಕೊಟ್ಟಿದ್ದೇನೆ, ರಸೀದಿ ಇದೆ, ಕಳ್ಳತನವಲ್ಲ. ಆದರೆ ಕೊಟ್ಟರೇ? ಕೌಂಟರಿನ ಹುಡುಗಿಯ ಮುಖ ನೋಡದೆ ಹಣ ಚೆಲ್ಲಿ ಬೇಗ ಹೊರಡುತ್ತಿದ್ದುದು ಏಕೆ? ಇದರ ಉತ್ತರವನ್ನು ನಿಮಗೇ ಬಿಡುತ್ತೇನೆ. ನಮ್ಮ ಗುಂಪಿನಲ್ಲಿ ನಿವೃತ್ತ ವಕೀಲರಿದ್ದಾರೆ, ಅವರಿಗೆ ಬೇರೆ ಅಭಿಪ್ರಾಯವಿರಬಹುದು.

ಈಗ ಜಾಕೆಟ್‌ಗೆ ಬರುತ್ತೇನೆ. ಅದಕ್ಕೆ ಮುಂಚೆ ಹಳೆಯ ಅಂಗಡಿಯೊಂದರ ಕಥೆ ಬೇಕು.

ಬಾಸ್ಟನ್ನಿನಲ್ಲಿ ಎಡ್ವರ್ಡ್ ಫೈಲೀನ್ ಎಂಬ ವ್ಯಾಪಾರಿ 1909ರಲ್ಲಿ ತನ್ನ ದೊಡ್ಡ ಅಂಗಡಿಯ ನೆಲಮಾಳಿಗೆಯಲ್ಲಿ ಒಂದು ಹೊಸ ಪದ್ಧತಿ ತಂದ. ಪ್ರತಿ ಬಟ್ಟೆಯ ಚೀಟಿಯಲ್ಲಿ ತಾರೀಖು. ಹನ್ನೆರಡು ದಿನ ಮಾರಾಟವಾಗದಿದ್ದರೆ ಕಾಲು ಭಾಗ ಕಡಿತ, ಹದಿನೆಂಟು ದಿನಕ್ಕೆ ಅರ್ಧ, ಇಪ್ಪತ್ತನಾಲ್ಕಕ್ಕೆ ಮುಕ್ಕಾಲು. ಮೂವತ್ತು ದಿನವಾದರೂ ಉಳಿದರೆ ಅದು ದಾನಕ್ಕೆ. ಯಾರನ್ನೂ ಕೇಳಬೇಕಿಲ್ಲ, ದಿನ ಕಳೆದರೆ ಬೆಲೆ ತಾನೇ ಇಳಿಯುತ್ತದೆ. (ಈತ 1907ರಲ್ಲಿ ಭಾರತಕ್ಕೂ ಬಂದಿದ್ದ. ಬಂಗಾಳದ ರೈತರ ಸಹಕಾರ ಸಂಘಗಳನ್ನು ನೋಡಿ ಹೋಗಿ ಅಮೆರಿಕದಲ್ಲಿ ಕ್ರೆಡಿಟ್ ಯೂನಿಯನ್‌ಗಳಿಗಾಗಿ ದುಡಿದ. ನಮ್ಮ ಗದಗದ ಕಣಗಿನಹಾಳದ ಸಹಕಾರ ಸಂಘ 1905ರದು, ಅದನ್ನು ಅವನು ನೋಡಿರಲಿಕ್ಕಿಲ್ಲ, ಆದರೂ ನೆನಪಾಯಿತು.) ಇಷ್ಟು ಒಳ್ಳೆಯ ಪದ್ಧತಿಯಲ್ಲಿ ಗಿರಾಕಿಗಳು ಏನು ಮಾಡಿದರು? ಇಷ್ಟವಾದ ಬಟ್ಟೆಯನ್ನು ಬೇರೆ ರಾಶಿಯ ಅಡಿಯಲ್ಲಿ ಬಚ್ಚಿಟ್ಟು, ಬೆಲೆ ಇಳಿಯುವ ದಿನ ಬಂದು ತೆಗೆಯುತ್ತಿದ್ದರು.

ನಾನು ಮಾಡಿದ್ದೂ ಅದೇ. 2016ರ ಜನವರಿ. ಹೊರಗೆ ಹಿಮ. ಊರಿನ ಒಂದು ಅಂಗಡಿಯಲ್ಲಿ ಚಳಿ ಬಟ್ಟೆಗಳು ಅರ್ಧ ಬೆಲೆಗೆ ಬಂದಿದ್ದವು. ನೇರಳೆ ಜಾಕೆಟ್ ಒಂದೇ ಒಂದು ಉಳಿದಿತ್ತು. ಮುಂದಿನ ಮಂಗಳವಾರ ಇನ್ನೂ ಇಳಿಯುತ್ತದೆಂದು ನನಗೆ ಗೊತ್ತು. ಅದನ್ನು ಒಯ್ದು ಗಂಡಸರ ಮಳೆಕೋಟುಗಳ ಹಿಂದೆ, ಗೋಡೆಯ ಕಡೆಗೆ ತೂಗುಹಾಕಿದೆ. ಯಾರಿಗಾಗಿ ಎಂದು ಆಗಲೂ ನಾನು ಕೇಳಿಕೊಳ್ಳಲಿಲ್ಲ. ಊರಿಗೆ ಹೋಗುವಾಗ ಯಾರಿಗಾದರೂ ಕೊಡಬಹುದು ಎಂಬ ಒಂದು ಮಾತು ಮನಸ್ಸಿನಲ್ಲಿ ಯಾವಾಗಲೂ ಸಿದ್ಧವಾಗಿರುತ್ತಿತ್ತು. ತುಮಕೂರಿನಲ್ಲಿ ಹಿಮದ ಜಾಕೆಟ್!

ಹತ್ತು ನಿಮಿಷ ಕಳೆದಿರಬೇಕು. ನಾನು ಐದು ಹೆಜ್ಜೆ ಆಚೆ ಮಫ್ಲರ್‌ಗಳನ್ನು ನೋಡುತ್ತಿದ್ದೆ. ಒಬ್ಬ ಎಳೆಯ ತಾಯಿ ಪುಟ್ಟ ಹುಡುಗಿಯನ್ನು ಕರೆದುಕೊಂಡು ಮಕ್ಕಳ ಜಾಕೆಟ್‌ಗಳ ಹತ್ತಿರ ಬಂದಳು. ಇಬ್ಬರೂ ನೇಪಾಳಿ ಮಾತಾಡುತ್ತಿದ್ದರು. ಭೂತಾನದಿಂದ ನಿರಾಶ್ರಿತರಾಗಿ ಬಂದ ನೇಪಾಳಿ ಮಾತಿನ ಜನ ಕೊಲಂಬಸ್‌ನಲ್ಲಿ ಬಹಳ. ಮಗು ಎರಡು ಸ್ವೆಟರ್ ಒಂದರ ಮೇಲೊಂದು ಹಾಕಿಕೊಂಡಿತ್ತು. ತಾಯಿ ಕೆಲಸದ ಹುಡುಗನನ್ನು ಕರೆದು, ತಡವರಿಸುತ್ತ, 4ಟಿ ಇದೆಯೇ ಎಂದು ಕೇಳಿದಳು. ಅವನು ಕೈಯಲ್ಲಿದ್ದ ಯಂತ್ರ ನೋಡಿದ. ಒಂದು ಇದೆ ಅಂತ ತೋರಿಸುತ್ತಿದೆ, ಆದರೆ ಕಾಣುತ್ತಿಲ್ಲ ಎಂದ. ಪಾಪ, ಅವನು ಹುಡುಕಿದ. ಎರಡು ಸಲ ಇಡೀ ಸಾಲು ಸರಿಸಿ ನೋಡಿದ. ಮಗು ಅಮ್ಮನ ಕೈ ಎಳೆದು ಜಾಡೋ ಎಂದಿತು. ನನಗೆ ನೇಪಾಳಿ ಬರುವುದಿಲ್ಲ, ಆದರೆ ಹಿಂದಿಯ ಜಾಡಾ ಗೊತ್ತು. ಚಳಿ.

ಐದು ಹೆಜ್ಜೆ. ಅಲ್ಲಿದೆ ನೋಡಿ, ಯಾರೋ ಬೇರೆ ಕಡೆ ಹಾಕಿದ್ದಾರೆ ಎಂದಿದ್ದರೂ ಸಾಕಿತ್ತು, ನನ್ನ ಮಾನಕ್ಕೇನೂ ಆಗುತ್ತಿರಲಿಲ್ಲ. ನಾನು ಮಫ್ಲರ್ ಬಣ್ಣ ನೋಡುತ್ತ ನಿಂತೆ. ಮಹಾನಿದಾನದ ಆರಕ್ಖ ಅಂದರೆ ಇದೇ. ಕೈಯಲ್ಲಿ ದೊಣ್ಣೆ ಇರಲಿಲ್ಲ, ಬಾಯಿಯಿಂದ ಸುಳ್ಳೂ ಬರಲಿಲ್ಲ, ಸುಮ್ಮನೆ ನಿಂತೇ ಕಾವಲು ಕಾದೆ. ಅವರು ಹೋದರು. ಮಂಗಳವಾರ ನೂರಕ್ಕೆ ಎಪ್ಪತ್ತು ಆಗಿತ್ತು, ಆಗಲೂ ಕೊಳ್ಳದೆ ಮತ್ತೆ ಬಚ್ಚಿಟ್ಟೆ. ಅದರ ಮುಂದಿನ ಮಂಗಳವಾರ 4.48ಕ್ಕೆ ತಂದೆ. ರಸೀದಿಯ ಮೇಲೆ ಸುತ್ತು ಹಾಕಿದೆ: ಉಳಿತಾಯ 40.51.

ಉದೇನ ರಾಜ ಮತ್ತು ಆನಂದರ ಐನೂರು ಚೀವರಗಳ ಕಥೆ ಈ ಗುಂಪಿನಲ್ಲಿ ಹಲವು ಸಲ ಬಂದಿದೆ, ಅದನ್ನು ಮತ್ತೆ ಹೇಳುವುದಿಲ್ಲ. ವಿನಯ ಪಿಟಕದಲ್ಲಿ ಆನಂದರದೇ ಇನ್ನೊಂದು ಚೀವರದ ಪ್ರಸಂಗವಿದೆ, ನಿಸ್ಸಗ್ಗಿಯ ಪಾಚಿತ್ತಿಯದ ಮೊದಲ ನಿಯಮದ ಹಿನ್ನೆಲೆ. ಛಬ್ಬಗ್ಗಿಯರೆಂಬ ಆರು ಮಂದಿಯ ಭಿಕ್ಖು ಗುಂಪು ಊರಿಗೆ ಹೋಗಲು ಒಂದು ಜೊತೆ, ವಿಹಾರದಲ್ಲಿರಲು ಇನ್ನೊಂದು, ಸ್ನಾನಕ್ಕೆ ಮತ್ತೊಂದು ಎಂದು ಚೀವರ ಇಟ್ಟುಕೊಂಡಿತ್ತು. ಆಗ ಹೆಚ್ಚುವರಿ ಚೀವರ ಇಟ್ಟುಕೊಳ್ಳಬಾರದೆಂದು ನಿಯಮವಾಯಿತು. ಅಷ್ಟರಲ್ಲಿ ಆನಂದರಿಗೆ ಒಂದು ಹೆಚ್ಚಿನ ಚೀವರ ಬಂತು. ಅದನ್ನು ಸಾರಿಪುತ್ತರಿಗೆ ಕೊಡಬೇಕೆಂದು ಅವರ ಆಸೆ. ಸಾರಿಪುತ್ತರು ಇದ್ದದ್ದು ಸಾಕೇತದಲ್ಲಿ. ಇಟ್ಟುಕೊಳ್ಳುವಂತಿಲ್ಲ, ಕೊಡಬೇಕಾದವರು ಹತ್ತಿರದಲ್ಲಿಲ್ಲ. ಭಗವಾನರ ಬಳಿ ಹೋಗಿ ಹೇಳಿಕೊಂಡರು. ಸಾರಿಪುತ್ತರು ಬರಲು ಎಷ್ಟು ದಿನ ಎಂದು ಭಗವಾನರು ವಿಚಾರಿಸಿದರು. ಒಂಬತ್ತನೆಯ ದಿನ ಅಥವಾ ಹತ್ತನೆಯ ದಿನ ಎಂದು ಆನಂದರು ಹೇಳಿದರು. ಆಗ ನಿಯಮ ಸಡಿಲವಾಯಿತು: ಹೆಚ್ಚಿನ ಚೀವರವನ್ನು ಹತ್ತು ದಿನದವರೆಗೆ ಇಟ್ಟುಕೊಳ್ಳಬಹುದು.

ಈ ಹತ್ತು ಎಂಬ ಸಂಖ್ಯೆ ಎಲ್ಲಿಂದ ಬಂತು ನೋಡಿ. ವೈರಾಗ್ಯದ ಅಳತೆಗೋಲಿನಿಂದ ಬಂದದ್ದಲ್ಲ. ಒಬ್ಬ ಗೆಳೆಯ ಸಾಕೇತದಿಂದ ನಡೆದು ಬರಲು ಬೇಕಾದಷ್ಟು ದಿನ ಅದು. ಆ ಚೀವರಕ್ಕೆ ಮೊದಲ ದಿನದಿಂದಲೇ ಒಂದು ಹೆಸರಿತ್ತು. ಯಾರಿಗೆ ಎಂಬುದು ಗೊತ್ತಿದ್ದುದರಿಂದ ಎಷ್ಟು ದಿನ ಎಂಬುದೂ ಗೊತ್ತಾಯಿತು. ನನ್ನ ಗ್ಯಾರೇಜಿನಲ್ಲಿ ಯಾವ ಪೆಟ್ಟಿಗೆಯ ಮೇಲೂ ಹೆಸರಿಲ್ಲ. ಯಾರಿಗಾದರೂ, ಯಾವಾಗಲಾದರೂ. ಇಷ್ಟು ವರ್ಷ ಅದನ್ನು ದಾನದ ಸಿದ್ಧತೆ ಎಂದೇ ನಂಬಿಕೊಂಡಿದ್ದೆ. ನೂರಾರು ಸಾಮಾನು ಕೊಟ್ಟೂ ಇದ್ದೇನೆ, ಊರಿಗೆ ಸೂಟ್‌ಕೇಸು ತುಂಬಿ ಒಯ್ದಿದ್ದೇನೆ. ತೆಗೆದುಕೊಂಡವರು ಸಂಕೋಚದಿಂದ ನಕ್ಕದ್ದೂ ನೆನಪಿದೆ. ಕೊಳ್ಳುವಾಗ ಅವರ ಮುಖ ಒಮ್ಮೆಯೂ ಕಣ್ಣ ಮುಂದೆ ಬಂದಿರಲಿಲ್ಲ, ಇನ್ನೂ ಜಾಗ ಬೇಕೆಂದು ಕೊಟ್ಟದ್ದು.

ಹಾಗಾಗಿ ಈ ವಾರದ ಅಭ್ಯಾಸಕ್ಕೆ ನನ್ನ ಸಲಹೆ ಚಿಕ್ಕದು. ಅಟ್ಟ, ಬೀರು, ಮಂಚದ ಕೆಳಗೆ, ಎಲ್ಲಿಂದಾದರೂ ಮುಂದೆಂದಾದರೂ ಬೇಕಾಗಬಹುದು ಎಂದಿಟ್ಟ ಒಂದು ವಸ್ತು ತೆಗೆಯಿರಿ. ಒಂದು ಚೀಟಿಯಲ್ಲಿ ಒಂದು ಹೆಸರು, ಒಂದು ತಾರೀಖು ಬರೆದು ಅಂಟಿಸಿ. ಹೆಸರು ಹೊಳೆಯದಿದ್ದರೆ ಎಷ್ಟು ಹೊತ್ತು ಹೊಳೆಯಲಿಲ್ಲ ಎಂಬುದನ್ನು ಗಮನಿಸಿ, ಸದ್ಯಕ್ಕೆ ಅಷ್ಟೇ ಸಾಕು. ಗುಂಪಿನಲ್ಲಿ ಫೋಟೋ ಹಾಕಬೇಡಿ ದಯವಿಟ್ಟು. ಹಾಕಿದರೆ ಮತ್ತೆ ಶುರುವಾಗುತ್ತದೆ, ಯಾರದು ಹೆಚ್ಚು ಎಂದು.

ನೇರಳೆ ಜಾಕೆಟ್‌ನ ಮುಂದಿನ ಕಥೆ ಹೇಳಬೇಕಲ್ಲ. ನಿರಾಶ್ರಿತ ಕುಟುಂಬಗಳಿಗಾಗಿ ಚಳಿ ಬಟ್ಟೆ ಸಂಗ್ರಹಿಸುವವರ ಹತ್ತಿರ ಮರುದಿನವೇ ಒಯ್ದೆ. ಮೇಜಿನ ಹಿಂದಿದ್ದ ಹೆಂಗಸು ಜಿಪ್ ತೆಗೆದು ಒಳಗೆ ಕೈಹಾಕಿದರು. ಬೆರಳಿಗೆಲ್ಲ ಬಿಳಿ ಹೊಟ್ಟು. ಇಂಥ ಬಟ್ಟೆಗೆ ಒಳಗಡೆ ನೀರು ತಡೆಯುವ ಪ್ಲಾಸ್ಟಿಕ್ ಲೇಪನವಿರುತ್ತದೆ. ಗ್ಯಾರೇಜಿನ ಒಂಬತ್ತು ಬೇಸಿಗೆಯಲ್ಲಿ ಬೆಂದು ಅದು ಸುಲಿದು ಉದುರುತ್ತಿತ್ತು. ತೋಳಿನ ಎಲಾಸ್ಟಿಕ್ ಸಡಿಲವಾಗಿತ್ತು. ಒಮ್ಮೆಯೂ ತೊಟ್ಟಿಲ್ಲ, ಚೀಟಿಯೂ ಹಾಗೇ ಇದೆ ಎಂದೆ ನಾನು. ಅವರು ಬಹಳ ಮೃದುವಾಗಿ, ಇದನ್ನು ತೆಗೆದುಕೊಳ್ಳಲಾಗುವುದಿಲ್ಲ ಎಂದು ಮಡಿಸಿ ಹಿಂದಕ್ಕೆ ಕೊಟ್ಟರು.

ಈ ವರ್ಷ ಯಾವ ಅಳತೆಗೆ ಹೆಚ್ಚು ಬೇಡಿಕೆ ಎಂದು ಕೇಳಿದೆ. ಚಿಕ್ಕ ಮಕ್ಕಳದು ಯಾವಾಗಲೂ ಸಾಲುವುದಿಲ್ಲ ಎಂದರು. ಅವರ ಪಟ್ಟಿಯಲ್ಲಿ 4ಟಿ ಕೇಳಿದ ಮನೆ ಒಂದಿತ್ತು. ಮಗುವಿನ ಹೆಸರು ಹೇಳುವಂತಿಲ್ಲ ಎಂದರು, ಕುಟುಂಬದ ಸಂಖ್ಯೆ ಕೊಟ್ಟರು. ಅದನ್ನು ಚೀಟಿಯಲ್ಲಿ ಬರೆದುಕೊಂಡೆ.

ಮರುವಾರ ಅಂಗಡಿಗೆ ಹೋದೆ. ಅಕ್ಟೋಬರ್ ತಿಂಗಳು, ಚಳಿ ಬಟ್ಟೆ ಈಗಷ್ಟೇ ಬಂದು ಮುಂಬಾಗಿಲಲ್ಲೇ ತೂಗುತ್ತಿದೆ, ಎಲ್ಲ ಪೂರ್ತಿ ಬೆಲೆ. ಕೆಂಪು ಬಣ್ಣದ 4ಟಿ ಒಂದನ್ನು ತೆಗೆದುಕೊಂಡೆ. ಹೆಬ್ಬೆರಳು ತಾನಾಗಿ ಚೀಟಿಯ ಅಂಚನ್ನು ಕೆರೆಯಿತು, ಕೆಳಗೆ ಇನ್ನೊಂದು ಇದೆಯೇನೋ ಎಂದು. ಇರಲಿಲ್ಲ. ಕೌಂಟರಿನಲ್ಲಿ ಮಗಳ ವಯಸ್ಸಿನ ಹುಡುಗಿ. ಸ್ಕ್ಯಾನ್ ಮಾಡುತ್ತ, ಆಂಟಿಯ ಮುಖ ನೋಡಿ ಕನಿಕರವಾಯಿತೇನೋ, ಜನವರಿವರೆಗೆ ಕಾದರೆ ಇದು ಅರ್ಧ ಬೆಲೆಗೆ ಸಿಗುತ್ತದೆ ಎಂದಳು.

ಗೊತ್ತಮ್ಮ ಎಂದೆ.

ಜಾಕೆಟ್ ತಂದು ಇಂದಿಗೆ ಆರು ದಿನ. ಕಾರಿನ ಹಿಂದಿನ ಸೀಟಿನಲ್ಲಿದೆ, ಗ್ಯಾರೇಜಿನೊಳಗೆ ತರಲಿಲ್ಲ. ಅವರು ಬಟ್ಟೆ ತೆಗೆದುಕೊಳ್ಳುವುದು ಭಾನುವಾರ. ಅಂದಿಗೆ ಒಂಬತ್ತನೆಯ ದಿನ.

ನಮೋ ಬುದ್ಧಾಯ.